ಖಾತುನಬಿಯ ಮಾಳಿಗೆಯ ಮಣ್ಣು

ಮಣ್ಣನ್ನು ನಾಲಿಗೆಗೆ ಇಟ್ಟು ರುಚಿ ನೋಡುವ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ. ನಮ್ಮ ಹೊಳೆಮಾದನೂರಿನ ಖಾತುನಬಿ ನೋಡುತ್ತಾಳೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು, ಥೂ ಎಂದು ಉಗುಳಿ, "ಇದು ನಡೀತೈತಿ" ಅನ್ನುತ್ತಾಳೆ. ಇಲ್ಲವೆಂದರೆ "ಇದನ್ನ ಹೊಲಕ್ಕ ಒಗೀರಿ" ಅನ್ನುತ್ತಾಳೆ. ಆಕೆ ನಡೀತೈತಿ ಎಂದ ಮಣ್ಣು ಮನೆಯ ಮಾಳಿಗೆಯ ಮೇಲೆ ಹೋಗುತ್ತದೆ. ಆ ಮನೆಯವರಿಗೆ ಮುಂದೆ ಮೂರು ಮಳೆಗಾಲ ಸೋರುವ ಕಡೆಗೆಲ್ಲ ಬೋಗುಣಿ ಇಡುತ್ತ ಓಡಾಡುವ ಕೆಲಸವಿಲ್ಲ.

ಆಕೆಯ ಬಗ್ಗೆ ಬರೆಯಲು ಕೂತದ್ದು ಹೊಗಳಲಿಕ್ಕಲ್ಲ. ಹೊಗಳಿದರೆ ಆಕೆಗೆ ಸೇರುವುದೂ ಇಲ್ಲ. ಈ ವರ್ಷ ಆಕೆಗೆ ಆದದ್ದರಲ್ಲಿ ನನ್ನ ಕೈ ಇದೆ, ಬಾಯಿಯಂತೂ ಪೂರ್ತಿ ಇದೆ. ಬೇರೆಯವರು ಅದನ್ನು ತಮಗೆ ಬೇಕಾದಂತೆ ಹೇಳಿಕೊಂಡು ತಿರುಗುತ್ತಿದ್ದಾರೆ. ಅದಕ್ಕಿಂತ ನಾನೇ ಹೇಳುವುದು ವಾಸಿ.

ಹೊಳೆಮಾದನೂರು ಹುಬ್ಬಳ್ಳಿಯಿಂದ ಒಂದೂವರೆ ತಾಸಿನ ದಾರಿ. ಮಲಪ್ರಭೆಯ ದಂಡೆಗೆ ಆತುಕೊಂಡ ಊರು. ಹೊಳೆಗೆ ಇಳಿಯಲು ಕಲ್ಲಿನ ಮೆಟ್ಟಿಲು, ಮೆಟ್ಟಿಲ ಮೇಲೆ ಹಳೆಯ ಈಶ್ವರ ಗುಡಿ, ಗುಡಿಯ ಹಿಂದೆ ಅರ್ಧ ಮೈಲಿಗೆ ಹಾಳೂರ ದಿಬ್ಬ. ಮೊದಲು ಊರು ಇದ್ದದ್ದು ಆ ದಿಬ್ಬದ ಜಾಗದಲ್ಲಿಯೇ. ಯಾವಾಗ ಬಿಟ್ಟರು, ಯಾಕೆ ಬಿಟ್ಟರು ಎಂದು ಹೇಳುವವರು ಯಾರೂ ಉಳಿದಿಲ್ಲ. ಬಿಟ್ಟುಹೋದ ಮನೆಗಳ ಮಣ್ಣಿನ ಗೋಡೆಗಳು ಮಳೆಗೆ ಕರಗಿ ಕರಗಿ ದಿಬ್ಬವಾಗಿವೆ.

ನಮ್ಮ ಕಡೆಯ ಹಳೆಯ ಮನೆಗಳಿಗೆ ಹೆಂಚಿಲ್ಲ. ಕಲ್ಲಿನ ಗೋಡೆ, ಗೋಡೆಯ ಮೇಲೆ ತೊಲೆ, ಜಂತಿ, ಜಂತಿಯ ಮೇಲೆ ಕಟ್ಟಿಗೆ, ಬೇವಿನ ತಪ್ಪಲು, ಅದರ ಮೇಲೆ ಒಂದು ಗೇಣು ಮಣ್ಣು. ಅದೇ ಮಾಳಿಗೆ. ಹೊಲದ ಎರೆಮಣ್ಣು ಹಾಕಿದರೆ ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಹುಲ್ಲು ಏಳುತ್ತದೆ. ಹಾಳೂರ ಮಣ್ಣು ಬಿರಿಯುವುದಿಲ್ಲ. ಅದರಲ್ಲಿ ತುಸು ಸವುಳು ಇರುವುದರಿಂದ ಹುಲ್ಲೂ ಹುಟ್ಟುವುದಿಲ್ಲ. ಖಾತುನಬಿ ನಾಲಿಗೆಯಿಂದ ಹುಡುಕುವುದು ಆ ಉಪ್ಪನ್ನೇ.

ಹದಿನಾರನೆಯ ವಯಸ್ಸಿಗೆ ಸೊಸೆಯಾಗಿ ಬಂದವಳು. ಕೆಲಸ ಕಲಿಸಿದ್ದು ಅತ್ತೆ ಮೀರಾಬಿ. ಮೊದಲ ವರ್ಷ ಅತ್ತೆ ಆಕೆಯನ್ನು ಮಾಳಿಗೆಗೇ ಹತ್ತಿಸಲಿಲ್ಲವಂತೆ. ಕೆಳಗೆ ಕೂರಿಸಿ ಬರೀ ಮಣ್ಣು ಸಾಣಿಸಲು ಹಚ್ಚಿದ್ದಳಂತೆ. ಎರಡನೇ ವರ್ಷ ಕೊಡತಿ ಕೈಗೆ ಬಂತು, ಮಣ್ಣು ಬಡಿದು ಕೂರಿಸುವ ಕಟ್ಟಿಗೆಯ ಕೊಡತಿ. ಈಗ ಬಡಿಯುವಾಗಿನ ಸಪ್ಪಳ ಕೇಳಿಯೇ ಮಣ್ಣು ಎಲ್ಲಿ ಕೂತಿದೆ, ಎಲ್ಲಿ ಪೊಳ್ಳಾಗಿದೆ ಎಂದು ಹೇಳುತ್ತಾಳೆ. ಗಂಡ ತೀರಿಕೊಂಡು ಇಪ್ಪತ್ತೆರಡು ವರ್ಷ. ಒಬ್ಬಳೇ ಮಗಳು ಅಬೀದಾಳನ್ನು ಓದಿಸಿ ಗದಗಿಗೆ ಕೊಟ್ಟದ್ದು ಆ ಕೊಡತಿಯ ದುಡಿಮೆಯಿಂದಲೇ. ಊರಲ್ಲಿ ಸ್ಲ್ಯಾಬಿನ ಮನೆಗಳು ಎದ್ದವು, ತಗಡು ಬಂತು, ಆದರೂ ಮಾಳಿಗೆಯ ಮನೆಗಳು ಮೂವತ್ತರ ಮೇಲೆ ಇವೆ. ಯುಗಾದಿ ಮುಗಿದ ಮೇಲೆ ರೋಹಿಣಿ ಮಳೆ ಹಿಡಿಯುವುದರೊಳಗೆ ಹತ್ತು ಹನ್ನೆರಡು ಮನೆ ಪಾಳಿಯಂತೆ ಮಾಡುತ್ತಾಳೆ.

ತನ್ನ ಮನೆ ಯಾವಾಗಲೂ ಕಡೆಗೆ. ಅದು ಅತ್ತೆಯ ಕಾಲದಿಂದ ಬಂದ ಪದ್ಧತಿ. ಒಮ್ಮೆ ನಾನು ಕೇಳಿದ್ದೆ.

"ಚಿಗವ್ವಾ, ಒಂದ ವರ್ಷ ನಿಂದ ಮೊದಲ ಮಾಡ್ಕೊಂಡ್ರ ಯಾರರ ನಿನ್ನ ಜೇಲಿಗೆ ಹಾಕ್ತಾರೇನು?"

"ಮೊದಲ ಮಾಡ್ಕೊಂಡ್ರ ಮಂದಿ ಏನಂತಾರ? ಛಲೋ ಮಣ್ಣ ತಾ ಇಟಗೊಂಡು, ಉಳದದ್ದ ನಮ್ಮ ಮ್ಯಾಲ ಹಾಕಿದ್ಲು ಅಂತಾರ. ನೀನs ಮೊದಲ ಅಂತಿ, ನಿನ್ನ ಬಾಯಿ ನನಗ ಗೊತ್ತಿಲ್ಲೇನ?"

ಆಕೆಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಚಿಗವ್ವ ಎಂದರೆ ಚಿಕ್ಕಮ್ಮ ಎಂದು ಕರೆಯುವುದು ಆ ಬಳಕೆಯಿಂದ. ಅವ್ವ ಹೊಲಕ್ಕೆ ಹೋದಾಗ ನಾನು ಉಂಡದ್ದು, ಮಲಗಿದ್ದು, ಹೊಡೆಸಿಕೊಂಡದ್ದು ಆಕೆಯ ಮನೆಯಲ್ಲಿ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಹುಬ್ಬಳ್ಳಿಗೆ ಬಂದು ಲಾರಿಯ ಕ್ಲೀನರ್ ಆದೆ, ಡ್ರೈವರ್ ಆದೆ. ಈಗ ಉಣಕಲ್ಲಿನಲ್ಲಿ ಬಾಡಿಗೆಗೆ ಇದ್ದೇನೆ, ಒಂದು ಕ್ರೂಸರ್ ಗಾಡಿ ಇದೆ. ಅವ್ವ ಹೋದ ಮೇಲೆ ಊರ ಮನೆಗೆ ಬೀಗ ಬಿದ್ದಿತ್ತು. ಆ ಬೀಗ ತೆಗೆಸಿದವರು ಧಾರವಾಡ ಮಾಳಮಡ್ಡಿಯ ನೀಲಿಮಾ ಟೀಚರು.

ನೀಲಿಮಾ ಟೀಚರು ಮಿಶನ್ ಶಾಲೆಯೊಂದರಲ್ಲಿ ಕಲಿಸುತ್ತಾರೆ. ಹೊಳೆಯ ದಂಡೆಯ ಹಳೆಯ ಊರುಗಳನ್ನು ನೋಡುವ ಹುಚ್ಚು ಅವರಿಗೆ. ತಿಂಗಳಿಗೆ ಎರಡು ರವಿವಾರ ಚರ್ಚು ಮುಗಿಸಿಕೊಂಡು, ಹತ್ತು ಹನ್ನೆರಡು ಮಂದಿಯನ್ನು ಕೂಡಿಸಿಕೊಂಡು ನನ್ನ ಗಾಡಿ ಹತ್ತುತ್ತಾರೆ. ಗುಡಿ, ಮೆಟ್ಟಿಲು, ವೀರಗಲ್ಲು ನೋಡಿ, ನಮ್ಮ ಮನೆಯ ಪಡಸಾಲೆಯಲ್ಲಿ ರೊಟ್ಟಿ ಊಟ ಮಾಡಿ, ಐದಕ್ಕೆ ವಾಪಸು. ನನ್ನ ಹೊಟ್ಟೆ ಅದರಿಂದ ನಡೆಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಮಂದಿಯ ಮಾತು ಕೇಳಿ ಕೇಳಿ ನನ್ನ ತಲೆ ಕಾಯುತ್ತದೆ. "ಎಷ್ಟು ಶಾಂತ ಅದ ರೀ ಇಲ್ಲಿ, ನೀವು ಪುಣ್ಯವಂತರು" ಅನ್ನುತ್ತಾರೆ. ಬೋರಿನ ಸವುಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಬಸ್ಸು ದಿನಕ್ಕೆ ಎರಡು, ಅದರಲ್ಲಿ ಒಂದು ಬರುವುದಿಲ್ಲ. ಪುಣ್ಯವಂತರಂತೆ, ಪುಣ್ಯವಂತರು! ಬಟ್ಟೆ ಒಗೆಯುವ ಹೆಂಗಸರ ಫೋಟೋ ಹೊಡೆಯಬೇಡಿ ಎಂದರೆ, "ಬೆನ್ನಷ್ಟs ಬಂದದ ರೀ" ಅನ್ನುತ್ತಾರೆ. ಒಬ್ಬನ ಫೋನು ಕಸಿದು ಹೊಳೆಗೆ ಎಸೆಯಲು ಹೋಗಿದ್ದೆ, ಟೀಚರು ಅಡ್ಡ ಬಂದರು.

ಈ ವರ್ಷ ಯುಗಾದಿಯ ಮರುವಾರವೇ ನಾನು ಖಾತುನಬಿಯ ಬೆನ್ನು ಹತ್ತಿದೆ. "ನನ್ನ ಮ್ಯಾಳಗಿ ಮೊದಲ ಆಗಬೇಕ, ಮಂದಿ ಬರ್ತಾರ, ಉಣ್ಣೋ ಗಂಗಾಳದಾಗ ಹನಿ ಬಿದ್ರ ನನ್ನ ಮಾನ ಹೋಗತೈತಿ" ಎಂದು ಜೋರು ಮಾಡಿ ಮಾಡಿಸಿಕೊಂಡೆ. ನನ್ನದಾದ ಮೇಲೆ ಬೇರೆ ಹತ್ತು ಮನೆ ಮುಗಿಸಿದಳು. ಕಡೆಗೆ ತನ್ನ ಮನೆ. ಈ ವರ್ಷ ಆಕೆಗೆ ಅವಸರವಿತ್ತು. ಅಬೀದಾ ಬಸುರಿ, ಚೊಚ್ಚಲು, ರೋಹಿಣಿ ಮಳೆ ಹಿಡಿಯುವ ಹೊತ್ತಿಗೆ ತವರಿಗೆ ಬರುವವಳು. ಮೂರು ವರ್ಷದ ಹಳೆಯ ಮಣ್ಣನ್ನು ಕೆರೆಸಿ ತೆಗೆಸಿದಳು. ಮೂರು ಮಳೆಗಾಲಕ್ಕೆ ಸವುಳು ತೊಳೆದುಹೋಗಿ ಮಾಳಿಗೆಯಿಂದ ಇಳಿದ ಹಳೆ ಮಣ್ಣು ಹೊಲಕ್ಕೆ ಒಳ್ಳೆಯದು, ಆ ದಿನವೇ ಯಾರೋ ಬಂಡಿಯಲ್ಲಿ ತುಂಬಿಕೊಂಡು ಹೋಗಿ ಹರಡಿಯೂ ಆಯಿತು. ಹೊಸ ಮಣ್ಣು ತರಲು ಗುರುವಾರಕ್ಕೆ ಬಂಡಿ ಗೊತ್ತಾಗಿತ್ತು. ನಡುವೆ ಬಂದದ್ದು ನಮ್ಮ ರವಿವಾರ.

ಆ ರವಿವಾರ ಆಕೆ ದಿಬ್ಬದಿಂದ ಎರಡು ಬುಟ್ಟಿ ಮಣ್ಣು ತಂದು ಅಂಗಳದಲ್ಲಿ ಸುರಿದು ಸಾಣಿಸುತ್ತಿದ್ದಳು. ಮಂದಿ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಇದೇನ ರೀ ಬಸಣ್ಣಾರ?" ಎಂದು ಟೀಚರು ಕೇಳಿದರು.

ಮಾಳಿಗೆಗೆ ಮಣ್ಣು ಎಂದು ಹೇಳಿ ಸುಮ್ಮನಾಗಬಹುದಿತ್ತು. ಆಗಲಿಲ್ಲ. ಬಂದಾಗಲೆಲ್ಲ ಅವರು ನನಗೆ ಶಾಸನ, ಶತಮಾನ ಎಂದು ಹೇಳುತ್ತಿದ್ದರು, ಇವತ್ತು ನನಗೂ ಹೇಳುವುದಿತ್ತು.

"ಇದು ಹಾಳೂರ ಮಣ್ಣ ರೀ ಟೀಚರ್. ನೀವು ಗುಡ್ಯಾಗ ಹುಡುಕ್ತೀರಿ, ಸಾವಿರ ವರ್ಷದ ಊರ ನಮ್ಮ ತಲಿ ಮ್ಯಾಲs ಐತಿ. ನೋಡ್ರಿ ಬೇಕಾದ್ರ" ಎಂದು ನಾನೇ ಗುಡ್ಡೆಗೆ ಕೈ ಹಾಕಿ ಕೆದರಿದೆ. ಒಂದು ಕರಿ ಮಡಕೆಯ ಚೂರು ಬಂತು. ಇನ್ನೊಮ್ಮೆ ಕೆದರಿದರೆ ಒಂದು ಕೆಂಪು ಮಣಿ, ತೂತು ಇದ್ದದ್ದು.

ಮಂದಿ ಮುಗಿಬಿದ್ದರು. ಕನ್ನಡಕದ ಹಿರಿಯರೊಬ್ಬರು ಮಣಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬಿಸಿಲಿಗೆ ಹಿಡಿದು ನೋಡಿದರು. ಫೋಟೋ ಮೇಲೆ ಫೋಟೋ.

"ಬಸ್ಯಾ, ಬಾಯಿ ಸಾಕ. ಆ ಸಾಣಿಗಿ ಇತ್ತ ಕೊಡ" ಎಂದಳು ಖಾತುನಬಿ, ತಲೆ ಎತ್ತದೆ.

"ತಡೀ ಚಿಗವ್ವಾ, ಇವರಿಗೂ ತಿಳೀಲಿ ನೀ ಎಂಥಾ ಮಣ್ಣ ಹಾಕ್ತಿ ಅಂತ" ಎಂದು ನಕ್ಕೆ.

ಟೀಚರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಊರಿಗೆ ಹೆಸರು ಬರಲಿ, ದಿಬ್ಬ ಉಳಿಯಲಿ ಎಂದು ಆ ಫೋಟೋಗಳನ್ನು ಧಾರವಾಡದ ಪುರಾತತ್ವ ಆಫೀಸಿಗೆ ಕಳಿಸಿದರು. ನಮ್ಮ ಊರ ರಸ್ತೆಗೆ ಅರ್ಜಿ ಕೊಟ್ಟು ಆರು ವರ್ಷ, ಒಂದು ಸೈಕಲ್ಲೂ ಬಂದು ನೋಡಿಲ್ಲ. ಮಡಕೆ ಚೂರಿನ ಫೋಟೋಕ್ಕೆ ಮೂರನೇ ದಿನಕ್ಕೇ ಜೀಪು ಬಂತು. ಬುಧವಾರ ಸಂಜೆಯೊಳಗೆ ದಿಬ್ಬದ ಸುತ್ತ ಮುಳ್ಳುತಂತಿ, ಒಂದು ಫಲಕ: ಇಲ್ಲಿಯ ಮಣ್ಣು, ಕಲ್ಲು ಮುಟ್ಟಿದರೆ ಕ್ರಮ. ಕಾವಲಿಗೆ ಊರವನೇ ಆದ ಜಾವೀದನನ್ನು ಗುತ್ತಿಗೆಯ ಮೇಲೆ ನೇಮಿಸಿದರು. ಅವನು ಖಾತುನಬಿಯ ತಂಗಿಯ ಮಗ.

ಗುರುವಾರ ಬಂಡಿ ಖಾಲಿ ತಿರುಗಿ ಬಂತು. ಮಧ್ಯಾಹ್ನ ಆಕೆಯ ಫೋನು.

"ಬಸಣ್ಣಾ, ಆವತ್ತ ಭಾಳ ಛಂದ ಹೇಳಿದೆಪಾ. ಎಲ್ಲಾರಿಗೂ ತಿಳೀತು."

ಇಷ್ಟೇ ಹೇಳಿ ಇಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗಾಡಿ ತೆಗೆದುಕೊಂಡು ಊರಿಗೆ ಬಂದೆ. ಆಕೆಯ ಮನೆಯೊಳಗೆ ಹೋಗಿ ಮೇಲೆ ನೋಡಿದರೆ ಕಟ್ಟಿಗೆಯ ಸಂದಿನಿಂದ ಬಿಸಿಲು ಎಳೆ ಎಳೆಯಾಗಿ ಬೀಳುತ್ತಿತ್ತು. ಮಳೆಗೆ ಇಪ್ಪತ್ತು ದಿನವೂ ಇರಲಿಲ್ಲ.

ಜಾವೀದ ಹೊಸ ಖಾಕಿ ಅಂಗಿ ಹಾಕಿಕೊಂಡು ತಂತಿಯ ಬಳಿ ಕೂತಿದ್ದ. ಅಂಗಿ ಎರಡು ಅಳತೆ ದೊಡ್ಡದು.

"ಏನಲೇ ಸಾಹೇಬ, ಸ್ವಂತ ದೊಡ್ಡವ್ವನ ಮನಿ ಮ್ಯಾಲ ಮಣ್ಣ ಬೀಳಗೊಡದಿಲ್ಲೇನ?"

"ಅಣ್ಣಾ, ಒದರಬ್ಯಾಡ" ಎಂದ. ಆಚೀಚೆ ನೋಡಿ ಮೆಲ್ಲಗೆ, "ನಾ ಮುಂಜಾನೆ ನಮಾಜಿಗೆ ಹೋಗಿ ಬರಾಕ ಒಂದ ತಾಸ ಬೇಕ. ಆ ತಾಸಿನ್ಯಾಗ ಇಲ್ಲಿ ಯಾರ ಬಂದ್ರು, ಏನ ಒಯ್ದ್ರು, ನನಗೇನ ಗೊತ್ತು? ಅಗಿಯೂದ ಬ್ಯಾಡ. ಮಳಿಗೆ ಜರದ ಬಿದ್ದ ಮಣ್ಣ ಅಂಚಿಗೆ ಐತಲ್ಲ, ಅಷ್ಟ ಒಯ್ಯಲಿ. ಬಂಡಿ ತರಬ್ಯಾಡ್ರಿ, ಬುಟ್ಟೀಲೆ" ಎಂದ.

ಖಾತುನಬಿ ಮತ್ತು ಪಕ್ಕದ ಓಣಿಯ ಇಬ್ಬರು ಹೆಂಗಸರು ದಿನಕ್ಕೆ ಆರು ಬುಟ್ಟಿ ತರತೊಡಗಿದರು. ಒಟ್ಟು ನೂರು ಬುಟ್ಟಿ ಬೇಕು. ಮಳೆಗಿಂತ ಎರಡು ದಿನ ಮೊದಲು ಮುಗಿಯುವ ಲೆಕ್ಕ. ಆಕೆಗೆ ಅದು ಸಾಕಾಗಿತ್ತು. "ಆಗತೈತಿ ಬಿಡು" ಎಂದಳು.

ನನಗೆ ಸಾಕಾಗಲಿಲ್ಲ. ನಲವತ್ತು ವರ್ಷ ಊರ ಮಂದಿಯ ತಲೆ ನೆನೆಯಗೊಡದ ಹೆಂಗಸು ಕಳ್ಳರ ಹಾಗೆ ಸೆರಗಿನಲ್ಲಿ ಬುಟ್ಟಿ ಮುಚ್ಚಿಕೊಂಡು ಬರುವುದನ್ನು ನೋಡಿ ಮೈ ಉರಿಯಿತು. ಯಾರಿಗೂ ಹೇಳದೆ ಸೋಮವಾರ ಧಾರವಾಡದ ಆಫೀಸಿಗೆ ಹೋದೆ. ರಾಜಾರೋಷವಾಗಿ ಪರವಾನಗಿ ತಂದು ಆಕೆಯ ಕೈಗೆ ಕೊಡಬೇಕು ಎಂದು.

ಗುಮಾಸ್ತ ಸಣ್ಣ ವಯಸ್ಸಿನವನು. ಮರ್ಯಾದೆಯಿಂದಲೇ ಮಾತಾಡಿದ.

"ಅರ್ಜಿ ಬರದು ಕೊಡ್ರಿ. ಮನಿ ಉತಾರ, ನಕಾಶೆ, ಫೋಟೋ ಹಚ್ರಿ. ಮ್ಯಾಲಿನ ಆಫೀಸಿಗೆ ಕಳಸ್ತೀವಿ."

"ಎಂದ ಬರ್ತೈತ್ರಿ?"

"ಅದನ್ನ ಹೇಳಾಕ ಬರಂಗಿಲ್ರಿ. ಎರಡ ಮೂರ ತಿಂಗಳ ಆಗಬಹುದು."

"ಮಳಿಗೆ ಹೇಳ್ತೀರೇನ ಎರಡ ತಿಂಗಳ ತಡಿ ಅಂತ?"

"ಮಳಿ ನಮ್ಮ ಇಲಾಖೆದಾಗ ಬರಂಗಿಲ್ರಿ" ಎಂದು ನಕ್ಕ. ಹಿಂದಿನ ಮೇಜಿನವರೂ ನಕ್ಕರು.

ಆ ನಗು ನನಗೆ ತಡೆಯಲಿಲ್ಲ. ಮೇಜು ಬಡಿದೆ. "ನಿಮ್ಮ ಪರವಾನಗಿ ಯಾರಿಗೆ ಬೇಕಲೇ! ನಿಮ್ಮ ಕಾವಲುಗಾರ ಗೊತ್ತಿದ್ದs ಬಿಡಾಕತ್ತಾನ, ದಿನಾ ಮುಂಜಾನೆ ಮಣ್ಣ ಒಯ್ಯಾಕತ್ತೇವಿ, ಏನ ಮಾಡ್ತೀರಿ ಮಾಡ್ರಿ!"

ಗುಮಾಸ್ತ ನಗುವುದನ್ನು ಬಿಟ್ಟ. ಕಿಸೆಯಿಂದ ಪೆನ್ನು ತೆಗೆದು, ಕಾಗದ ಎಳೆದುಕೊಂಡು ಕೇಳಿದ:

"ಯಾವ ಊರ ಅಂದ್ರಿ?"

ಹೊರಗೆ ಬಂದು ಗಾಡಿಯಲ್ಲಿ ಕೂತು ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಅದರಿಂದೇನಾಗುತ್ತದೆ? ಬುಧವಾರ ಜಾವೀದನನ್ನು ಎಂಬತ್ತು ಮೈಲಿ ದೂರದ ಒಂದು ಕೋಟೆಯ ಕಾವಲಿಗೆ ಹಾಕಿದರು. ಅವನ ಜಾಗಕ್ಕೆ ಬಂದವನು ಊರಿನ ಯಾರಿಗೂ ಏನೂ ಆಗದವನು, ಮೂರು ಹೊತ್ತೂ ಎದ್ದಿರುವವನು. ಖಾತುನಬಿಯ ಅಂಗಳದಲ್ಲಿ ಆಗ ಇದ್ದದ್ದು ಮೂವತ್ತು ಬುಟ್ಟಿ ಮಣ್ಣು. ಜಾವೀದ ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ಬೆನ್ನು ತಿರುಗಿಸಿ ನಿಂತ.

ಸುದ್ದಿ ಕೇಳಿ ನೀಲಿಮಾ ಟೀಚರು ತಾವೇ ಬಸ್ಸು ಹಿಡಿದು ಊರಿಗೆ ಬಂದರು. ಖಾತುನಬಿಯ ಕೈ ಹಿಡಿದು, "ಇಷ್ಟೆಲ್ಲಾ ಆಗ್ತದ ಅಂತ ನನಗ ಅನಿಸಿದ್ದಿಲ್ಲ ರೀ ಅವ್ವಾರ. ತಗಡ ನಾ ಹಾಕಿಸಿ ಕೊಡ್ತೀನಿ" ಎಂದರು.

"ತಗಡಿನ ಬುಡಕ ಬಾಣಂತೀನ ಮಲಗಸ್ತಾರೇನವಾ? ಹಗಲು ಹೆಂಚಿನಂಗ ಕಾಯತೈತಿ" ಎಂದಳು ಖಾತುನಬಿ. ಚಹಾ ಮಾಡಿ ಕೊಟ್ಟಳು.

ನಾನು ಟೀಚರ ಮೇಲೆ ಹರಿಹಾಯ್ದೆ. ನಿಮಗೆ ಚರಿತ್ರೆ ಬೇಕು, ಅದರ ಬುಡಕ್ಕೆ ಇರುವ ಮನುಷ್ಯರು ಬೇಡ ಎಂದೆಲ್ಲ ಒದರಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಹೇಳಿದರು, "ಆ ದಿಬ್ಬದಾಗ ಏನ ಅದ ಅಂತ ತೋರಿಸಿದವರು ನೀವs ಅಲ್ಲೇನ್ರಿ ಬಸಣ್ಣಾರ? ಕೈಯಾರೆ ಕೆದರಿ ಕೊಟ್ರಿ."

ಎದ್ದು ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕೂತೆ. ತಂಪಾಗಿತ್ತು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಆ ತಂಪು. ಒಂದು ಗೇಣು ಮಣ್ಣಿನ ತಂಪು. ಜೋರು ಮಾಡಿ ಮೊದಲು ಹಾಕಿಸಿಕೊಂಡ ಮಣ್ಣು, ಒಂದು ಮಳೆಯನ್ನೂ ಕಾಣದ ಮಣ್ಣು. ಊರಲ್ಲಿ ಯಾರೂ ಮಲಗದ ಮನೆ ಯಾವುದೆಂದರೆ ಇದೊಂದೇ.

ಗೋಡೆಯಾಚೆ ಹೋಗಿ ಹೇಳಿದೆ. "ಚಿಗವ್ವಾ, ನನ್ನ ಮ್ಯಾಳಗಿ ಮಣ್ಣ ಇಳಸು. ನಿಂದಕ್ಕ ಹಾಕು."

"ತಲಿ ಕೆಟ್ಟೈತೇನ? ಬಡದ ಕೂರಿಸಿದ ಮಣ್ಣ ತಗದ್ರ ಆ ಮನಿ ಒಂದ ಮಳಿಗೂ ತಡಿಯೂದಿಲ್ಲ. ನಿಮ್ಮವ್ವ ಸೆಗಣಿ ಬಳದ ಮನಿ ಅದು."

"ಅವ್ವ ಇದ್ದಿದ್ರ ಆಕೀನs ಇಳಸ್ತಿದ್ಲು."

"ಸತ್ತವರ ಹೆಸರ ತಗದು ನನ್ನ ಬಾಯಿ ಮುಚ್ಚಸಬ್ಯಾಡ. ಒಲ್ಲೆ ಅಂದ್ರ ಒಲ್ಲೆ."

ಎರಡು ದಿನ ಇದೇ ಜಗಳ. ಮೂರನೇ ದಿನ ಅಬೀದಾ ಗದಗಿನಿಂದ ಬಂದಿಳಿದಳು. ಒಳಗೆ ಹೋಗಿ ಮೇಲೆ ನೋಡಿದಳು, ತಾಯಿಯ ಮುಖ ನೋಡಿದಳು. ನಾನು ಹೋಗಿ ನಮ್ಮ ಮನೆಯ ಏಣಿ ಹತ್ತಿ ಗುದ್ದಲಿಯಿಂದ ಕೆರೆಯಲು ಹಚ್ಚಿದೆ. ನಾಲ್ಕು ಬುಟ್ಟಿ ತುಂಬುವುದರೊಳಗೆ ಕೆಳಗಿನಿಂದ ಕೂಗು ಕೇಳಿತು.

"ಲೇ ಬಸ್ಯಾ! ಅಷ್ಟ ಆಳ ಹೋಗಬ್ಯಾಡ, ತಪ್ಪಲ ಕೂಡ ಬರಾಕತ್ತೈತಿ! ಯಾರ ಕಲಿಸ್ಯಾರ ನಿನಗ, ಹುಬ್ಬಳ್ಳ್ಯಾಗ?"

ಬೈಯುತ್ತಲೇ ಏಣಿ ಹತ್ತಿದಳು. ನನ್ನ ಕೈಯಿಂದ ಗುದ್ದಲಿ ಕಸಿದುಕೊಂಡಳು. ಎರಡು ಮನೆಯ ಮಾಳಿಗೆ ಒಂದಕ್ಕೊಂದು ಹತ್ತಿಕೊಂಡಿದ್ದರಿಂದ ನಮ್ಮ ಮಣ್ಣು ಕೆಳಗಿಳಿಸುವ ಕೆಲಸವಿರಲಿಲ್ಲ. ಅಂಗಳದ ಮೂವತ್ತು ಬುಟ್ಟಿ ಮೇಲೇರಿಸಿ, ಉಳಿದದ್ದನ್ನು ನಾನು ನಮ್ಮ ಮಾಳಿಗೆಯಿಂದ ಹೊತ್ತು ಗೋಡೆ ದಾಟಿಸಿದೆ, ಆಕೆ ಹರಡಿದಳು, ನೀರು ಚಿಮುಕಿಸಿ ಬಡಿದಳು. ಮೂರು ದಿನ ಹಿಡಿಯಿತು. ಮೂರು ದಿನದಲ್ಲಿ ನನ್ನೊಂದಿಗೆ ಆಡಿದ ಮಾತು "ಕೊಡು", "ಸರಿ", "ಅಲ್ಲಲ್ಲ, ಇಲ್ಲಿ" ಇಷ್ಟೇ.

ರೋಹಿಣಿ ಮಳೆ ಒಂದು ಮಧ್ಯಾಹ್ನ ಗುಡುಗಿಲ್ಲದೆ ಬಂದು ನಿಂತು ಹೊಡೆಯಿತು. ನಮ್ಮ ಮನೆಗೆ ಹೊದಿಸಲು ತಗಡು ತುಂಬಿಕೊಂಡು ಅದೇ ಹೊತ್ತಿಗೆ ಊರು ಮುಟ್ಟಿದೆ. ಖಾತುನಬಿ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ತನ್ನ ಮಾಳಿಗೆಯ ಮೇಲೆ ನಿಂತು, ಒಂದು ಕಡೆ ಹಿಮ್ಮಡಿಯಿಂದ ಮಣ್ಣು ತುಳಿಯುತ್ತಿದ್ದಳು.

"ಸೋರಾಕತ್ತೈತೇನು?" ಎಂದು ಕೆಳಗಿನಿಂದ ಕೂಗಿದೆ.

"ಒಂದs ಕಡೆ. ನೀ ತಪ್ಪಲ ಕೂಡ ಕೆರದಿದ್ಯಲ್ಲ, ಆ ಮಣ್ಣ ಬಿದ್ದಲ್ಲೆ. ಇಲ್ಲಿ ಯಾಕ ನಿಂತಿ? ನಿನ್ನ ಮನ್ಯಾಗ ಹೋಗಿ ನೋಡು."

ಬೀಗ ತೆಗೆದೆ. ಪಡಸಾಲೆಯಲ್ಲಿ ಮೊಣಕಾಲಿನ ತನಕ ಅಲ್ಲದಿದ್ದರೂ ಪಾದ ಮುಳುಗುವಷ್ಟು ನೀರು. ಮೇಲಿನಿಂದ ಧಾರೆ ಧಾರೆಯಾಗಿ ಕೆಂಪು ನೀರು, ಬೇವಿನ ಎಲೆ, ಕಟ್ಟಿಗೆಯ ಪುಡಿ. ಮಂದಿಯನ್ನು ಊಟಕ್ಕೆ ಕೂರಿಸುವ ಚಾಪೆಗಳು ತೇಲುತ್ತಿದ್ದವು. ಯಾರಿಗಾದರೂ ಬೈಯಬೇಕೆಂದು ಬಾಯಿ ತೆರೆದೆ, ಒಂದು ಹೆಸರೂ ಬರಲಿಲ್ಲ. ಟೀಚರಲ್ಲ, ಗುಮಾಸ್ತನಲ್ಲ, ಜಾವೀದನಂತೂ ಅಲ್ಲ.

ಗೋಡೆಯಾಚೆ ಅಬೀದಾ ಯಾವುದಕ್ಕೋ ನಗುತ್ತಿದ್ದಳು. ಒಲೆಯ ಹೊಗೆಯ ವಾಸನೆ ಬರುತ್ತಿತ್ತು. ನಾನು ಬಕೆಟ್ಟು ಹುಡುಕಿ, ತುಂಬಿ ಹೊರಗೆ ಚೆಲ್ಲಿದೆ. ಮತ್ತೆ ತುಂಬಿದೆ.